ಮರೆಹೊಕ್ಕವರನ್ನು ಕಾಯುವ ಸಭೆ: ಟೂಸಾನ್‌ನ ಒಂದು ಚರ್ಚಿನ ಕೆಲಸದ ಒಳಗು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ದಕ್ಷಿಣ ಭಾಗದಲ್ಲಿ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಎಂಬ ಚರ್ಚಿದೆ. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರಿಗಾಗಿ 1906ರಲ್ಲಿ ಶುರುವಾದದ್ದು. ಅಲ್ಲಿಂದ ಮೆಕ್ಸಿಕೊ ಗಡಿ ಸುಮಾರು ನೂರು ಕಿಲೋಮೀಟರು. ಸುತ್ತ ಕೂಲಿಕಾರರ ಮನೆಗಳು, ಕಿವಿಗೆ ಬೀಳುವುದು ಹೆಚ್ಚಾಗಿ ಸ್ಪ್ಯಾನಿಷ್. ದೊಡ್ಡ ಕಾಣಿಕೆ ಬರುವ ಚರ್ಚಲ್ಲ, ದೊಡ್ಡ ಸಭೆಯೂ ಅಲ್ಲ. ಸಭೆ ಎಂದರೆ ಇಲ್ಲಿ ಚರ್ಚಿಗೆ ಸೇರಿದ ಜನ. 1982ರ ಮಾರ್ಚ್ 24ರಂದು ಈ ಸಭೆ ತನ್ನ ಸರ್ಕಾರಕ್ಕೆ ಬಹಿರಂಗವಾಗಿ ತಿಳಿಸಿತು: ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದ ಹಿಂಸೆಯಿಂದ ಓಡಿ ಬಂದವರಿಗೆ ನಾವು ಆಶ್ರಯ ಕೊಡುತ್ತೇವೆ, ಮುಚ್ಚಿಟ್ಟು ಕೊಡುವುದಿಲ್ಲ.

ಆ ಘೋಷಣೆಯ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಧೈರ್ಯದ ಬಗ್ಗೆ ಹೇಳುತ್ತಾರೆ. ಧೈರ್ಯ ಇತ್ತು, ಅನುಮಾನವಿಲ್ಲ. ಆದರೆ ಅದು ನಿಂತದ್ದು ಪಾಳಿ ಪಟ್ಟಿ, ಅಡುಗೆಮನೆ, ಕಾಣಿಕೆ ಲೆಕ್ಕ, ಗಂಟೆಗಟ್ಟಲೆ ನಡೆದ ಮೀಟಿಂಗುಗಳ ಮೇಲೆ. ಒಂದು ಸಭೆ ನ್ಯಾಯದ ಕೆಲಸಕ್ಕೆ ಕೈ ಹಾಕಿದರೆ ಎಷ್ಟು ದಿನ ತಾಳುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಅದರ ದಿನನಿತ್ಯದ ಬದುಕು. ಈ ಮಾತನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹಿನ್ನೆಲೆ. 1980ರ ಜುಲೈಯಲ್ಲಿ ಎಲ್ ಸಾಲ್ವಡಾರ್‌ನಿಂದ ಹೊರಟ ಒಂದು ಗುಂಪನ್ನು ದಾರಿ ತೋರಿಸಲು ಬಂದವರೇ ಅರಿಜೋನಾದ ಮರುಭೂಮಿಯಲ್ಲಿ ಕೈಬಿಟ್ಟು ಹೋದರು. ಹದಿಮೂರು ಜನ ನೀರಿಲ್ಲದೆ ಸತ್ತರು. ಬದುಕಿ ಉಳಿದವರನ್ನು ನೋಡಿಕೊಳ್ಳಲು ಟೂಸಾನ್‌ನ ಚರ್ಚುಗಳು ಮುಂದೆ ಬಂದವು. ಆ ದೇಶದಲ್ಲಿ ಏನು ನಡೆಯುತ್ತಿದೆ ಎಂದು ಬಹಳ ಜನಕ್ಕೆ ಗೊತ್ತಾದದ್ದೇ ಆಗ. ಅದೇ ವರ್ಷ ಮಾರ್ಚ್ 24ರಂದು ಅಲ್ಲಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. ಘೋಷಣೆಗೆ ಅದೇ ತಾರೀಕನ್ನು ಆರಿಸಿಕೊಂಡದ್ದು ಅದಕ್ಕೇ. ಆಗ ಸೌತ್‌ಸೈಡ್‌ನ ಸಭಾಪಾಲಕರಾಗಿದ್ದವರು ಜಾನ್ ಫೈಫ್. ಅವರ ಜೊತೆಗೆ ನಿಂತ ಜಿಮ್ ಕಾರ್ಬೆಟ್ ಬೇರೆ ಪಂಥದವರು, ಕ್ವೇಕರ್, ದನ ಮೇಯಿಸಿಕೊಂಡಿದ್ದವರು.

ಇವರು ಶುರು ಮಾಡಿದ್ದು ಕಾನೂನಿನ ದಾರಿಯಲ್ಲೇ. ಗಡಿಯಲ್ಲಿ ಸಿಕ್ಕವರನ್ನು ವಾಪಸು ಕಳಿಸಲು ಅಧಿಕಾರಿಗಳು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು: ಸ್ವಂತ ಇಚ್ಛೆಯಿಂದ ಹೊರಡುತ್ತೇನೆ ಎಂದು. ಅದಕ್ಕೆ ತಡೆಯಾಗಿದ್ದದ್ದು ಜಿ-28 ಎಂಬ ಅರ್ಜಿ, ಅಂದರೆ ಇಂಥ ವಕೀಲರು ನನ್ನ ಪರ ಎನ್ನುವ ನಮೂನೆ. ಕಾರ್ಬೆಟ್ ಆ ನಮೂನೆಗಳನ್ನು ಹೊತ್ತು ಬಂಧನ ಕೇಂದ್ರಗಳಿಗೆ ಓಡಾಡಿದರು. ಚರ್ಚುಗಳು ಕೂಡಿ ಜಾಮೀನಿನ ಹಣ ಎತ್ತಿದವು. ಹಾಗೆ ಬಿಡಿಸಿ ತಂದವರ ಅರ್ಜಿಗಳ ಗತಿ ಏನಾಯಿತು? ಆ ವರ್ಷಗಳಲ್ಲಿ ಸಾಲ್ವಡಾರ್ ಜನರ ಆಶ್ರಯದ ಅರ್ಜಿಗಳಲ್ಲಿ ಮಂಜೂರಾಗುತ್ತಿದ್ದದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ, ಗ್ವಾಟೆಮಾಲಾದವರದು ನೂರಕ್ಕೆ ಒಂದೂ ಇಲ್ಲ. ಆ ಸರ್ಕಾರಗಳಿಗೆ ಅಮೆರಿಕವೇ ಬೆಂಬಲ ಕೊಡುತ್ತಿತ್ತು. ಅಲ್ಲಿಂದ ಓಡಿ ಬಂದವರನ್ನು ನಿರಾಶ್ರಿತರೆಂದು ಒಪ್ಪಿಕೊಂಡರೆ ತನ್ನ ನೀತಿಯ ತಪ್ಪನ್ನೇ ಒಪ್ಪಿಕೊಂಡಂತೆ. ಜಾಮೀನು ಕಟ್ಟಿ ಬಿಡಿಸುವುದು ಗಡೀಪಾರನ್ನು ನಾಲ್ಕು ತಿಂಗಳು ಮುಂದೂಡುವುದಷ್ಟೇ ಆಯಿತು. ಆಗ ಅವರು ಗಡಿ ದಾಟಿಸಿ, ಮನೆಗಳಲ್ಲಿ, ಚರ್ಚಿನಲ್ಲಿ ಇಟ್ಟುಕೊಳ್ಳಲು ಶುರು ಮಾಡಿದರು. ನಿಲ್ಲಿಸದಿದ್ದರೆ ಕೇಸು ಹಾಕುತ್ತೇವೆ ಎಂಬ ಸೂಚನೆ ಸರ್ಕಾರದ ಕಡೆಯಿಂದ ಬಂತು.

ಗುಟ್ಟಾಗಿ ಮಾಡಿ ಸಿಕ್ಕಿಬಿದ್ದರೆ ಕಳ್ಳಸಾಗಣೆಯವರ ಲೆಕ್ಕಕ್ಕೆ ಸೇರುತ್ತೇವೆ, ಮೊದಲೇ ಸಾರಿ ಹೇಳಿದರೆ ಯಾಕೆ ಮಾಡುತ್ತಿದ್ದೇವೆ ಎನ್ನುವುದು ಜನರಿಗೆ ಮುಟ್ಟುತ್ತದೆ, ಹೀಗೆ ಅವರ ಯೋಚನೆ. ಆದರೆ ಸಭಾಪಾಲಕರೊಬ್ಬರೇ ಹಾಗೆ ಸಾರುವಂತಿರಲಿಲ್ಲ. ಪ್ರೆಸ್ಬಿಟೇರಿಯನ್ ವ್ಯವಸ್ಥೆಯಲ್ಲಿ ಅಧಿಕಾರ ಇರುವುದು ಸಭೆ ಆರಿಸಿದ ಹಿರಿಯರ ಮಂಡಳಿಯ ಕೈಯಲ್ಲಿ. ಇಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ, ಓಡಿ ಬಂದವರಿಗೆ ರಕ್ಷಣೆ ಕೊಡುತ್ತಿದ್ದ ಆಶ್ರಯನಗರಗಳಿಂದ ಹಿಡಿದು ಕಾನೂನಿನ ಶಿಕ್ಷೆಯವರೆಗೆ ಎಲ್ಲವನ್ನೂ ಸಭೆಯ ಮುಂದೆ ಇಟ್ಟು ಚರ್ಚಿಸಿ, ಗುಪ್ತ ಮತದಾನ ಮಾಡಿದರು. ಬಹುತೇಕ ಎಲ್ಲರೂ ಪರವಾಗಿದ್ದರು, ವಿರುದ್ಧ ಬಿದ್ದದ್ದು ಎರಡೇ ಮತ. ಗುಪ್ತ ಮತದ ಬೆಲೆ ಇಲ್ಲಿ ದೊಡ್ಡದು. ಎದ್ದು ನಿಂತು ಕೈ ಎತ್ತಿಸಿದರೆ ಪಕ್ಕದವರ ಮುಖ ನೋಡಿ ಎತ್ತುವವರು ಇರುತ್ತಾರೆ. ಪೊಲೀಸರು ಬಾಗಿಲಿಗೆ ಬಂದ ದಿನ ಮೊದಲು ಹಿಂಜರಿಯುವವರೂ ಅವರೇ.

ಹಲವು ಸಭೆಗಳು ಎಡವಿದ್ದು ಇಲ್ಲೇ. ಒಂದು ಸಮಿತಿ ಹುಮ್ಮಸ್ಸಿನಲ್ಲಿ ನಿರ್ಣಯ ಬರೆಯುತ್ತದೆ, ಭಾನುವಾರದ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷದಲ್ಲಿ ಪಾಸು ಮಾಡಿಸುತ್ತದೆ, ಗೋಡೆಗೆ ಬ್ಯಾನರ್ ಏರುತ್ತದೆ. ಮೂರು ತಿಂಗಳಾದ ಮೇಲೆ ವಿಮೆ ಕಂಪನಿ ಪತ್ರ ಬರೆದಾಗ ಖಜಾಂಚಿ "ನನ್ನನ್ನು ಯಾರೂ ಕೇಳಲೇ ಇಲ್ಲ" ಎನ್ನುತ್ತಾರೆ. ನಿಯಮ ಹೀಗಿರಲಿ: ಮತಕ್ಕೆ ಮೊದಲು ಹತ್ತು ಹನ್ನೆರಡು ಜನರ ಗುಂಪುಗಳಲ್ಲಿ ಪ್ರತಿಯೊಬ್ಬರೂ ತಮ್ಮ ಭಯವನ್ನು ಬಾಯಿಬಿಟ್ಟು ಹೇಳಲು ಅವಕಾಶವಾಗಬೇಕು. ವಕೀಲರೊಬ್ಬರು ಬಂದು ಆಗಬಹುದಾದ ಶಿಕ್ಷೆಯನ್ನು ಮುಚ್ಚುಮರೆಯಿಲ್ಲದೆ ವಿವರಿಸಬೇಕು. ಬೇಡ ಎಂದವರು ಸಭೆಯಲ್ಲೇ ಉಳಿಯುವಂತೆ ನೋಡಿಕೊಳ್ಳಬೇಕು. ಬಾಗಿಲು ಕಾಯಲು ಒಲ್ಲದವರು ಅಡುಗೆಗೆ ಬರಬಹುದು, ಲೆಕ್ಕ ನೋಡಬಹುದು.

ಈಗ ಕಟ್ಟಡದೊಳಗಿನ ಮಾತು. 2014ರಲ್ಲಿ ಸೌತ್‌ಸೈಡ್ ಮತ್ತೆ ಈ ಕೆಲಸಕ್ಕೆ ಇಳಿಯಿತು. ಆಗ ಗಡೀಪಾರಿನ ಆದೇಶ ಬಂದಿದ್ದ ಒಬ್ಬ ಮಹಿಳೆ ಆ ಚರ್ಚಿನ ಆವರಣದಲ್ಲಿ 461 ದಿನ ಇದ್ದರು. ಹೊರಗೆ ಕಾಲಿಟ್ಟರೆ ಹಿಡಿಯುತ್ತಾರೆ. ಮಕ್ಕಳು, ಗಂಡ ಹೊರಗಿನಿಂದ ಬಂದು ಹೋಗಬೇಕು. ಒಂದು ಕೋಣೆ ಕೊಟ್ಟರಾಯಿತು ಎಂದುಕೊಳ್ಳುವವರು ಈ ಸಂಖ್ಯೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಬೇಕಾದದ್ದು ಇಷ್ಟು: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಬೆಳಕು ಬರುವ ಕಿಟಕಿ, ಸ್ನಾನಕ್ಕೆ ಜಾಗ. ಚರ್ಚುಗಳಲ್ಲಿ ಶೌಚಾಲಯ ಇರುತ್ತದೆ, ಸ್ನಾನದ ಮನೆ ಇರುವುದು ಅಪರೂಪ. ಇದನ್ನು ಮೊದಲೇ ಮಾಡಿಸದೆ ಜನರನ್ನು ಕರೆದುಕೊಂಡರೆ ಮೊದಲ ವಾರವೇ ಅವಮಾನ ಶುರುವಾಗುತ್ತದೆ. ಅಡುಗೆಮನೆಯಲ್ಲಿ ಅವರದೇ ಒಂದು ಕಪಾಟು, ಫ್ರಿಜ್ಜಿನಲ್ಲಿ ಅವರದೇ ಒಂದು ಅಂಕಣ ಇರಬೇಕು. ಸಭೆಯವರು ಪ್ರೀತಿಯಿಂದ ದಿನಾ ಸಂಜೆ ಡಬ್ಬಿ ಡಬ್ಬಿ ಊಟ ತರುತ್ತಾರೆ. ಒಂದು ತಿಂಗಳಲ್ಲಿ ಅದು ಅತಿಥಿಗೆ ಹಿಂಸೆಯಾಗುತ್ತದೆ, ಏಕೆಂದರೆ ತನ್ನ ಮಕ್ಕಳಿಗೆ ತಾನೇ ಅಡುಗೆ ಮಾಡಿ ಬಡಿಸುವುದೂ ಕೈತಪ್ಪಿ ಹೋಗುತ್ತದೆ. ದಿನಸಿ ತಂದುಕೊಟ್ಟು ಒಲೆ ಬಿಟ್ಟುಕೊಡುವುದು ಸರಿಯಾದ ಕ್ರಮ. ಅವರು ಮಾಡಿದ ಅಡುಗೆಯನ್ನು ಸಭೆಯ ಸಹಭೋಜನದಲ್ಲಿ ಎಲ್ಲರೂ ಕೂತು ಉಂಡರೆ ಇನ್ನೂ ಒಳ್ಳೆಯದು.

ಬಾಗಿಲು ಕಾಯುವ ಪಾಳಿಯ ಲೆಕ್ಕ ನೋಡಿ. ದಿನಕ್ಕೆ ಆರು ಗಂಟೆಯ ನಾಲ್ಕು ಪಾಳಿ, ವಾರಕ್ಕೆ ಇಪ್ಪತ್ತೆಂಟು. ಒಂದು ಪಾಳಿಗೆ ಇಬ್ಬರು ಇರಲೇಬೇಕು: ಬಾಗಿಲಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ವಕೀಲರಿಗೆ ಫೋನ್ ಮಾಡಲು. ಅಂದರೆ ವಾರಕ್ಕೆ ಐವತ್ತಾರು ಜಾಗ. ಒಬ್ಬರು ಎರಡು ವಾರಕ್ಕೊಮ್ಮೆ ಬಂದರೆ 112 ಜನ ಬೇಕು. ಅಷ್ಟೇನೂ ದೊಡ್ಡದಲ್ಲದ ಸಭೆಯಲ್ಲಿ ಇಷ್ಟು ಜನ ಎಲ್ಲಿಂದ ಬರಬೇಕು? ಆದ್ದರಿಂದಲೇ ಈ ಕೆಲಸವನ್ನು ಒಂದೇ ಸಭೆ ಮಾಡುವುದಿಲ್ಲ. ಅತಿಥಿಯನ್ನು ಇಟ್ಟುಕೊಳ್ಳುವ ಸಭೆ ಒಂದು, ಸುತ್ತ ಜೊತೆ ಸಭೆಗಳು: ಪಕ್ಕದ ಯೂನಿಟೇರಿಯನ್ನರು, ಕ್ವೇಕರರು, ಯೆಹೂದಿ ಸಿನಗಾಗಿನವರು. ಯಾವ ರಾತ್ರಿ ಯಾರದು ಎಂದು ಹಂಚಿಕೊಳ್ಳುತ್ತಾರೆ. ಮೊದಲ ಎರಡು ತಿಂಗಳು ಪಟ್ಟಿ ತಾನೇ ತುಂಬುತ್ತದೆ. ಆಮೇಲೆ ಬೇಸಗೆ ರಜೆ ಬರುತ್ತದೆ, ಪತ್ರಿಕೆಯವರು ಬರುವುದು ನಿಲ್ಲಿಸುತ್ತಾರೆ, ಶನಿವಾರ ರಾತ್ರಿಯ ಪಾಳಿ ಅದೇ ನಾಲ್ವರು ವಯಸ್ಸಾದವರ ಪಾಲಿಗೆ ಬೀಳುತ್ತದೆ. ಪಾಳಿ ನೋಡಿಕೊಳ್ಳುವವರನ್ನು ಮೂರು ತಿಂಗಳಿಗೊಮ್ಮೆ ಬದಲಿಸುವುದೇ ಇದಕ್ಕೆ ಮದ್ದು. ಅದೇ ವ್ಯಕ್ತಿಯನ್ನು ಮುಂದುವರಿಸಿದರೆ ಅವರು ಸೋತು ಕೂತ ದಿನ ಇಡೀ ವ್ಯವಸ್ಥೆ ಕುಸಿಯುತ್ತದೆ.

ಬಾಗಿಲಲ್ಲಿ ಏನು ಮಾಡಬೇಕು ಎನ್ನುವುದನ್ನು ಬಾಯಿಪಾಠ ಮಾಡಿಸುತ್ತಾರೆ. ವಲಸೆ ಅಧಿಕಾರಿ ಬಂದರೆ ಕಾಗದ ಕೇಳಬೇಕು. ಕೆಳಗಿನ ಸಹಿ ಯಾರದು ಎಂದು ನೋಡಬೇಕು. ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ಆಡಳಿತ ವಾರಂಟ್ ಆಗಿದ್ದರೆ, ಒಪ್ಪಿಗೆಯಿಲ್ಲದೆ ಖಾಸಗಿ ಜಾಗಕ್ಕೆ ನುಗ್ಗಲು ಅದು ಸಾಲದು. ನ್ಯಾಯಾಧೀಶರ ಸಹಿ ಇದ್ದು, ವಿಳಾಸ ಸರಿಯಿದ್ದು, ತಾರೀಕು ಮೀರಿರದಿದ್ದರೆ ಮಾತು ಬೇರೆ. ಅದನ್ನು ತಡೆಯಲು ಹೋಗಬಾರದು. ಒಳಗೆ ಬನ್ನಿ ಎಂಬ ಮಾತು ಅಭ್ಯಾಸಬಲದಿಂದಲೂ ಬಾಯಿಂದ ಬರಬಾರದು, ಬಂದರೆ ಅದೇ ಒಪ್ಪಿಗೆ. ಚರ್ಚಿನವರಿಗೆ ಬಂದವರನ್ನು ಸ್ವಾಗತಿಸುವುದು ಕೈಯೊಳಗಿನ ರೂಢಿ, ಹಾಗಾಗಿ ಈ ತಪ್ಪು ಬಹಳ ಸಲ ಆಗುತ್ತದೆ. ಸುಳ್ಳು ಹೇಳಬಾರದು. ಆರಾಧನೆಯ ಜಾಗ ಎಲ್ಲರಿಗೂ ತೆರೆದದ್ದು, ಆದ್ದರಿಂದ ವಾಸದ ಕೋಣೆಗಳ ದಾರಿಯಲ್ಲಿ 'ಖಾಸಗಿ' ಎಂಬ ಫಲಕ ಇರಬೇಕು.

ಹಣಕ್ಕೆ ಬೇರೆ ಖಾತೆ. ಆಶ್ರಯದಲ್ಲಿ ಇರುವವರು ದುಡಿಯಲು ಹೊರಗೆ ಹೋಗುವಂತಿಲ್ಲ, ಆದರೆ ಅವರ ಮನೆ ಬಾಡಿಗೆ ನಿಲ್ಲುವುದಿಲ್ಲ. ವಕೀಲರ ಫೀಜು, ಹಲ್ಲು ನೋವಿಗೆ ಚರ್ಚಿಗೇ ಬರುವ ವೈದ್ಯರು, ಮಕ್ಕಳ ಶಾಲೆಯ ಓಡಾಟ, ಎಲ್ಲದಕ್ಕೂ ಕಾಣಿಕೆಯೇ ದಾರಿ. ಕಟ್ಟಡ ನಿಧಿಗೆ ಕೈ ಹಾಕಿದರೆ ಜಗಳ ಖಂಡಿತ. ತಿಂಗಳಿಗೊಂದು ಭಾನುವಾರದ ಕಾಣಿಕೆಯನ್ನು ಪೂರ್ತಿ ಇದಕ್ಕೆಂದೇ ಎತ್ತುವುದು ನಡೆದು ಬಂದ ಕ್ರಮ.

ಇನ್ನು ಯಾರ ದನಿ ಎಂಬ ಪ್ರಶ್ನೆ. 1980ರ ದಶಕದಲ್ಲಿ ಈ ಚಳವಳಿಯೊಳಗೇ ದೊಡ್ಡ ಭಿನ್ನಾಭಿಪ್ರಾಯ ಬಂತು. ಚಿಕಾಗೊದ ಗುಂಪಿನವರಿಗೆ ಅಮೆರಿಕದ ನೀತಿಯನ್ನು ಬದಲಿಸುವುದು ಮುಖ್ಯ. ಹಾಗಾಗಿ ಸಾರ್ವಜನಿಕವಾಗಿ ಸಾಕ್ಷ್ಯ ಹೇಳಬಲ್ಲ ನಿರಾಶ್ರಿತರು ಅವರಿಗೆ ಬೇಕಿತ್ತು. ಪಾಪದ ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೈಕಿನ ಮುಂದೆ ನಿಂತು ತಮ್ಮ ಮೇಲಾದದ್ದನ್ನು ಹೇಳುತ್ತಿದ್ದರು. ಟೂಸಾನ್‌ನವರು ಜೀವಕ್ಕೆ ಅಪಾಯ ಇದೆಯೇ ಎಂದಷ್ಟೇ ಕೇಳಿ, ಮಾತು ಬರುವವರು ಬಾರದವರು ಎಂಬ ಭೇದ ಮಾಡಬಾರದು ಎಂದರು. ನೀತಿ ಬದಲಾಗಲು ಸಾಕ್ಷ್ಯ ಬೇಕಿತ್ತು, ಅದು ನಿಜ. ಆದರೂ ಟೂಸಾನ್‌ನವರ ನಿಲುವೇ ಸರಿ ಎಂದು ನಾನು ನಂಬುತ್ತೇನೆ. ಆಶ್ರಯಕ್ಕೆ ಬದಲಾಗಿ ಕತೆ ಹೇಳಬೇಕಾಗಿ ಬಂದರೆ ಅದು ಆಶ್ರಯವಾಗಿ ಉಳಿಯುವುದಿಲ್ಲ. ಪತ್ರಿಕೆಯವರ ಜೊತೆ ಮಾತಾಡುವುದೋ ಬೇಡವೋ ಎಂಬ ತೀರ್ಮಾನ ಅತಿಥಿಯದು, ಪ್ರತಿ ಸಲವೂ ಹೊಸದಾಗಿ ಕೇಳಬೇಕು.

ಸರ್ಕಾರ ಸುಮ್ಮನಿರಲಿಲ್ಲ. ಗುಪ್ತ ಮಾಹಿತಿದಾರರು ಸ್ವಯಂಸೇವಕರ ವೇಷದಲ್ಲಿ ಚರ್ಚಿನ ಮೀಟಿಂಗುಗಳಿಗೆ ಬಂದು ಗುಟ್ಟಾಗಿ ಧ್ವನಿಮುದ್ರಣ ಮಾಡಿದರು. 1985ರ ಜನವರಿಯಲ್ಲಿ ಹದಿನಾರು ಜನರ ಮೇಲೆ ಆರೋಪಪಟ್ಟಿ. ಹನ್ನೊಂದು ಜನರ ವಿಚಾರಣೆ ನಡೆಯಿತು. ಸಾಲ್ವಡಾರ್‌ನ ಪರಿಸ್ಥಿತಿ, ಅಂತರರಾಷ್ಟ್ರೀಯ ಕಾನೂನು, ಧಾರ್ಮಿಕ ನಂಬಿಕೆ, ಯಾವುದನ್ನೂ ಜ್ಯೂರಿಯ ಮುಂದೆ ಎತ್ತುವಂತಿಲ್ಲ ಎಂದು ನ್ಯಾಯಾಧೀಶರು ಆದೇಶಿಸಿದರು. 1986ರ ಮೇ 1ರಂದು ಫೈಫ್ ಸೇರಿ ಎಂಟು ಜನ ತಪ್ಪಿತಸ್ಥರೆಂದು ತೀರ್ಪು ಬಂತು. ಕಾರ್ಬೆಟ್ ಸೇರಿ ಮೂವರು ಬಿಡುಗಡೆಯಾದರು. ಯಾರೂ ಜೈಲಿಗೆ ಹೋಗಲಿಲ್ಲ, ಶಿಕ್ಷೆ ಪ್ರೊಬೇಶನ್‌ಗೆ ನಿಂತಿತು. ಅಷ್ಟರಲ್ಲಿ ಆಶ್ರಯ ಘೋಷಿಸಿದ ಸಭೆಗಳ ಸಂಖ್ಯೆ ನೂರಾರಕ್ಕೆ ಏರಿತ್ತು. ಚರ್ಚುಗಳೇ ಸರ್ಕಾರದ ಮೇಲೆ ಹಾಕಿದ ದಾವೆ 1991ರಲ್ಲಿ ರಾಜಿಯಾಯಿತು. ಲಕ್ಷಕ್ಕೂ ಮಿಕ್ಕಿದ ಸಾಲ್ವಡಾರ್, ಗ್ವಾಟೆಮಾಲಾ ಜನರಿಗೆ ತಮ್ಮ ಆಶ್ರಯದ ಅರ್ಜಿಯ ಹೊಸ ವಿಚಾರಣೆ ಪಡೆಯುವ ಹಕ್ಕು ಸಿಕ್ಕಿತು.

1994ರ ನಂತರ ಕೆಲಸ ಇನ್ನೊಂದು ರೂಪ ತಾಳಿತು. ನಗರಗಳ ಬಳಿ ಗಡಿ ಬಿಗಿಯಾಯಿತು, ದಾಟುವವರು ಮರುಭೂಮಿಯ ಕಡೆ ತಿರುಗಿದರು, ಹೆಣಗಳು ಸಿಗತೊಡಗಿದವು. ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಎಂದು ಹಿಡಿದರೂ ನಾಲ್ಕೈದು ದಿನದ ನಡಿಗೆಗೆ ಹದಿನೈದರಿಂದ ಹತ್ತೊಂಬತ್ತು ಕಿಲೋ ನೀರು ಹೊರಬೇಕು. ಬೇಸಗೆಯಲ್ಲಿ ಅದೂ ಸಾಲದು. ಆದ್ದರಿಂದ ಟೂಸಾನ್‌ನ ಸಭೆಗಳ ಜನ 2000ದಲ್ಲಿ ಹ್ಯೂಮೇನ್ ಬಾರ್ಡರ್ಸ್, 2002ರಲ್ಲಿ ಸಮರಿಟನ್ಸ್, 2004ರಲ್ಲಿ ನೋ ಮೋರ್ ಡೆತ್ಸ್ ಎಂಬ ಗುಂಪುಗಳನ್ನು ಕಟ್ಟಿದರು. ಹ್ಯೂಮೇನ್ ಬಾರ್ಡರ್ಸ್‌ನವರದು 55 ಗ್ಯಾಲನ್ ಹಿಡಿಯುವ ನೀಲಿ ಪೀಪಾಯಿ, ನಲ್ಲಿ, ಮೇಲೆ ದೂರಕ್ಕೆ ಕಾಣುವ ನೀಲಿ ಬಾವುಟ, ಜಾಗದ ಒಡೆಯರ ಅನುಮತಿ. ತುಂಬಿದ ಪೀಪಾಯಿಯ ತೂಕ ಇನ್ನೂರು ಕಿಲೋ ದಾಟುತ್ತದೆ, ಹಾಗಾಗಿ ಲಾರಿ ಹೋಗುವ ದಾರಿ ಬೇಕೇ ಬೇಕು. ಲಾರಿ ಹೋಗದ ಕಾಲುದಾರಿಗಳಲ್ಲಿ ಗ್ಯಾಲನ್ ಕ್ಯಾನುಗಳನ್ನು ಬೆನ್ನ ಮೇಲೆ ಹೊತ್ತು ಇಟ್ಟು ಬರಬೇಕು. ಆ ತೆಳು ಪ್ಲಾಸ್ಟಿಕ್ಕು ಬಿಸಿಲಿಗೆ ಬಿರುಕು ಬಿಡುತ್ತದೆ, ಕಾಗೆಗಳು ಕುಕ್ಕುತ್ತವೆ, ದ್ವೇಷದಿಂದ ಚಾಕುವಿನಲ್ಲಿ ಸೀಳಿಹಾಕುವವರೂ ಇದ್ದಾರೆ. ಅಲ್ಲಿ ನೀರಿಟ್ಟದ್ದಕ್ಕೆ ಕಸ ಹಾಕಿದ ಕೇಸನ್ನೂ ಹಾಕಿದ್ದರು. ಕುಡಿಯಲೆಂದು ಇಟ್ಟ ಶುದ್ಧ ನೀರು ಕಸವೆಂದು ಆ ನಿಯಮದಿಂದ ಖಚಿತವಾಗುವುದಿಲ್ಲ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು.

ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಬಂಧನ ಬೇಡ ಎಂದು 2011ರಲ್ಲಿ ಬಂದಿದ್ದ ಇಲಾಖೆಯ ಸೂಚನೆಯನ್ನು 2021ರಲ್ಲಿ ಹೊಸದಾಗಿ ಬರೆದು ವಿಸ್ತರಿಸಿದ್ದರು, 2025ರ ಜನವರಿಯಲ್ಲಿ ತೆಗೆದುಹಾಕಿದರು. ಅದು ಕಾನೂನಾಗಿರಲಿಲ್ಲ, ಬರೀ ಸೂಚನೆ. ಬಾಗಿಲಲ್ಲಿ ನ್ಯಾಯಾಧೀಶರ ಸಹಿ ಕೇಳುವ ಹಕ್ಕು ಮಾತ್ರ ಸಂವಿಧಾನದಿಂದ ಬಂದದ್ದು, ಅದು ಹಾಗೇ ಇದೆ. ಈಗ ಸಭೆಗಳು ಕೋಣೆ ಕೊಡುವುದರ ಜೊತೆಗೆ ಇನ್ನೊಂದು ಕೆಲಸಕ್ಕೆ ಜನರನ್ನು ತಯಾರು ಮಾಡಬೇಕಾಗಿದೆ: ವಲಸೆ ಕಚೇರಿಗೆ, ಕೋರ್ಟಿಗೆ ಹಾಜರಾಗುವವರ ಜೊತೆ ಇಬ್ಬರು ಹೋಗುವುದು. ಹೊರಡುವ ಮುಂಚೆ ವಕೀಲರ ನಂಬರನ್ನು ಅವರ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಬೇಕು, ಬಂಧಿಸಿದರೆ ಫೋನು ಕಿತ್ತುಕೊಳ್ಳುತ್ತಾರೆ. ಮಕ್ಕಳನ್ನು ಶಾಲೆಯಿಂದ ಯಾರು ಕರೆತರಬೇಕು ಎಂದು ಬರೆದು ಸಹಿ ಹಾಕಿದ ಪತ್ರ ಶಾಲೆಗೆ ಮೊದಲೇ ತಲುಪಿರಬೇಕು. ಜೊತೆಗೆ ಹೋದವರು ವಾದಕ್ಕೆ ಇಳಿಯಬಾರದು. ಒಳಗೆ ಹೋದ ಸಮಯ, ಅಧಿಕಾರಿಯ ಬ್ಯಾಡ್ಜ್ ನಂಬರು, ಯಾವ ಬಾಗಿಲಿಂದ ಕರೆದೊಯ್ದರು ಎಂಬುದನ್ನು ಬರೆದುಕೊಳ್ಳಬೇಕು. ಸಂಜೆ ಕಚೇರಿ ಮುಚ್ಚುವವರೆಗೆ ಒಬ್ಬರು ಅಲ್ಲೇ ಕೂತಿರಬೇಕು. ಇನ್ನೊಬ್ಬರು ಆ ಮನೆಗೆ ಹೋಗಬೇಕು.