ಕ್ಯಾಸಿಯೊಡೋರಸ್ ಕಟ್ಟಿದ ಪುಸ್ತಕದ ಮಠ

ಕೇಳುಗರಿಗೆ ನಮಸ್ಕಾರ.

ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಗಾದಿ ಕಳೆದುಕೊಂಡದ್ದು ಕ್ರಿ.ಶ. 476ರಲ್ಲಿ. ಆಮೇಲಿನ ಕಾಲದ ಕ್ರೈಸ್ತ ಮಠಗಳ ಮಾತು ಬಂದರೆ ಮೊದಲು ನೆನಪಾಗುವವನು ಮೊಂಟೆ ಕ್ಯಾಸಿನೊದ ಸಂತ ಬೆನೆಡಿಕ್ಟ್. ಅದು ಸರಿಯೇ. ಆತ ಬರೆದಿಟ್ಟ ಮಠದ ನಿಯಮಗಳು ಯುರೋಪಿನಲ್ಲಿ ನೂರಾರು ವರ್ಷ ನಡೆದವು. ನನಗೆ ಇವತ್ತು ಹೇಳಬೇಕೆನಿಸಿರುವುದು ಅದೇ ಕಾಲದ ಇನ್ನೊಬ್ಬನ ಬಗ್ಗೆ. ಆತನ ಹೆಸರು ಕ್ಯಾಸಿಯೊಡೋರಸ್.

ಆಗ ಇಟಲಿಯನ್ನು ಆಳುತ್ತಿದ್ದವನು ಗಾಥ್ ಎಂಬ ಜರ್ಮನಿಕ್ ಜನಾಂಗದ ದೊರೆ ಥಿಯೊಡೋರಿಕ್. ಆತನ ಆಸ್ಥಾನದಲ್ಲಿ ಕ್ಯಾಸಿಯೊಡೋರಸ್ ದೊಡ್ಡ ಅಧಿಕಾರಿ. ರೋಮಿನಲ್ಲಿ ಕ್ರೈಸ್ತ ವಿದ್ಯೆಗೆ ಒಂದು ಶಾಲೆ ತೆರೆಯಬೇಕು ಅಂತ ಪೋಪ್ ಅಗಪೆಟಸ್ ಜೊತೆ ಸೇರಿ ಪ್ರಯತ್ನಪಟ್ಟ. ಆದರೆ 535ರಲ್ಲಿ ಯುದ್ಧ ಶುರುವಾಯಿತು, ಎರಡು ದಶಕ ಇಟಲಿಯನ್ನು ಹಿಂಡಿ ಹಾಕಿತು. ಶಾಲೆ ಆಗಲೇ ಇಲ್ಲ.

ವಯಸ್ಸಾದ ಮೇಲೆ ದಕ್ಷಿಣ ಇಟಲಿಯ ಸ್ಕ್ವಿಲಾಚೆ ಬಳಿ ತನ್ನದೇ ಜಮೀನಿನಲ್ಲಿ ಮಠ ಕಟ್ಟಿದ. ಅದೇ ವಿವೇರಿಯಂ. ಅಲ್ಲಿ ಪುಸ್ತಕ ನಕಲು ಮಾಡುವುದೂ ದೇವರ ಸೇವೆ. ಧರ್ಮಗ್ರಂಥದ ಒಂದೊಂದು ಪದ ಬರೆದಾಗಲೂ ಸೈತಾನನಿಗೆ ಒಂದೊಂದು ಗಾಯ ಎನ್ನುತ್ತಿದ್ದ.

ಆದರೆ ಬರೀ ಉಪದೇಶ ಮಾಡಿ ಕೂತವನಲ್ಲ ಈತ. ನನಗೆ ತುಂಬಾ ಹಿಡಿಸುವುದು ಅದೇ. ಬರೆಯುವವನ ಕಷ್ಟ ಏನು ಅಂತ ನೋಡಿದ. ರಾತ್ರಿ ಬೆಳಕು ಬೇಕು ಅಲ್ವಾ? ಎಣ್ಣೆ ತಾನಾಗಿ ಬಂದು ತುಂಬಿಕೊಳ್ಳುವ ದೀಪಗಳನ್ನು ಮಾಡಿಸಿದ. ಹೊತ್ತು ತಿಳಿಯಲು ಬಿಸಿಲಿನ ಗಡಿಯಾರ ಇಟ್ಟ. ಬಿಸಿಲಿಲ್ಲದಾಗ ನೋಡಲು ನೀರಿನ ಗಡಿಯಾರವೂ ಇತ್ತು. ಬೈಂಡಿಂಗ್ ಮಾಡುವವರಿಗಾಗಿ ಹಲವು ಬಗೆಯ ಹೊದಿಕೆಗಳ ಮಾದರಿಗಳನ್ನು ಒಂದೇ ಪುಸ್ತಕದಲ್ಲಿ ಬಿಡಿಸಿಟ್ಟ. ಓದು ಹತ್ತದವರಿಗೆ ತೋಟ, ಹೊಲದ ಕೆಲಸ ಇತ್ತು. ಅದು ಕೀಳು ಅಂತ ಆತ ಎಂದೂ ಎಣಿಸಲಿಲ್ಲ. ರೋಗಿಗಳನ್ನು ನೋಡಿಕೊಳ್ಳುವವರು ಗಿಡಮೂಲಿಕೆ ತಿಳಿದಿರಲಿ ಎಂದು ಹಳೆಯ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಚಿತ್ರಗಳಿರುವ ಪುಸ್ತಕ ನೋಡಲು ಹೇಳಿದ.

ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ, ಏನು ಮಾಡುವುದು ಎಂದು ಸನ್ಯಾಸಿಗಳು ಕೇಳಿದರು. ಆಗ ಆತನಿಗೆ 93 ವರ್ಷ. ಕೂತು ಅವರಿಗಾಗಿ ಕಾಗುಣಿತದ ಪುಸ್ತಕ ಬರೆದುಕೊಟ್ಟ! ಅಷ್ಟು ದೊಡ್ಡ ಹುದ್ದೆಯಲ್ಲಿದ್ದವನಿಗೆ ಇದು ಸಣ್ಣ ಕೆಲಸ ಅನ್ನಿಸಲಿಲ್ಲ.

ಆತ ಸತ್ತ ಮೇಲೆ ಮಠ ಹೆಚ್ಚು ಕಾಲ ಬಾಳಲಿಲ್ಲ. ಪುಸ್ತಕಗಳು ಚದುರಿದವು. ಆತನ ಒಂದು ದೊಡ್ಡ ಬೈಬಲ್ ಉತ್ತರ ಇಂಗ್ಲೆಂಡಿನ ವೇರ್‌ಮತ್-ಜಾರೊ ಮಠ ಸೇರಿತು ಎನ್ನುತ್ತಾರೆ ವಿದ್ವಾಂಸರು. ಅಲ್ಲಿನ ಮಠಾಧಿಪತಿ ಚೆಯೊಲ್‌ಫ್ರಿತ್ ಭಾರಿ ಗಾತ್ರದ ಮೂರು ಬೈಬಲ್‌ಗಳನ್ನು ಬರೆಸಿದ. ಒಂದನ್ನು ಪೋಪ್‌ಗೆ ಕೊಡಲು 716ರಲ್ಲಿ ತಾನೇ ಹೊರಟ. ದಾರಿಯಲ್ಲಿ, ಈಗಿನ ಫ್ರಾನ್ಸಿನ ಲಾಂಗ್ರ್ ಊರಿನಲ್ಲಿ ತೀರಿಕೊಂಡ. ಜೊತೆಗಿದ್ದವರಲ್ಲಿ ಕೆಲವರು ಪ್ರಯಾಣ ಮುಂದುವರಿಸಿದರು. ಸಾವಿರಕ್ಕೂ ಹೆಚ್ಚು ಹಾಳೆಗಳ ಆ ಬೈಬಲ್ ಈಗ ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿದೆ. ಪೂರ್ತಿ ಲ್ಯಾಟಿನ್ ಬೈಬಲ್ ಒಂದೇ ಸಂಪುಟದಲ್ಲಿ ಉಳಿದು ಬಂದಿರುವ ಪ್ರತಿಗಳಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ.

ವಂದನೆಗಳು.