ಪಂಕಜ ಎಂಬ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಹೂವಿನ ಹೆಸರನ್ನು ಹೊತ್ತ ಹೆಣ್ಣುಮಕ್ಕಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಾಗ, ಮಲ್ಲಿಗೆ, ಸಂಪಿಗೆ, ಪಾರಿಜಾತಗಳನ್ನೆಲ್ಲ ಬದಿಗಿಟ್ಟು ಒಂದೇ ಒಂದು ಹೆಸರನ್ನು ಹಿಡಿದುಕೊಂಡು ಬರುತ್ತೇನೆಂದು ಮೊದಲೇ ತಿಳಿಸಿದ್ದೆ. ಆ ಹೆಸರು ಪಂಕಜ. ನಿಮ್ಮ ಮನೆಯಲ್ಲಿ ಪಂಕಜಮ್ಮನೆಂಬ ಅಜ್ಜಿಯೋ, ಪಂಕಜಕ್ಕನೆಂಬ ನೆರೆಯವರೋ ಇದ್ದರೆ ದಯವಿಟ್ಟು ಅವರನ್ನು ರೇಡಿಯೊದ ಹತ್ತಿರಕ್ಕೆ ಕರೆಯಿರಿ.

ಪಂಕ ಎಂದರೆ ಕೆಸರು. ಜ ಎಂದರೆ ಹುಟ್ಟಿದ್ದು. ಕೆಸರಿನಲ್ಲಿ ಹುಟ್ಟಿದ್ದು ಪಂಕಜ, ಅಂದರೆ ತಾವರೆ. ಮಕ್ಕಳ ಹೆಸರುಗಳನ್ನು ಪಟ್ಟಿ ಮಾಡಿ ಮಾರುವ ಪುಸ್ತಕಗಳಲ್ಲಿ ‘ಪಂಕಜ, ಕಮಲದ ಹೂವು’ ಎಂದಷ್ಟೇ ಬರೆದು ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಕೆಸರಿನ ಮಾತನ್ನೇ ಎತ್ತುವುದಿಲ್ಲ. ಮಗುವಿನ ಹೆಸರಿನಲ್ಲಿ ಕೆಸರೇಕೆ ಎಂಬ ಮುಜುಗರವಿರಬೇಕು. ನಾನು ಈ ಹೊತ್ತು ಹೇಳಲು ಬಂದಿರುವುದು ಒಂದೇ ಮಾತು: ಈ ಹೆಸರಿನ ಜೀವವಿರುವುದೇ ಆ ಕೆಸರಿನಲ್ಲಿ.

ಕೆಸರಿನಲ್ಲಿ ಹುಟ್ಟುವುದು ತಾವರೆಯೊಂದೇ ಅಲ್ಲವಲ್ಲ ಎಂದು ನೀವು ಕೇಳಬಹುದು. ಜೊಂಡು ಹುಟ್ಟುತ್ತದೆ, ನೈದಿಲೆ ಹುಟ್ಟುತ್ತದೆ, ಹುಳುಹುಪ್ಪಟೆಯೂ ಹುಟ್ಟುತ್ತದೆ. ಅವು ಯಾವುವೂ ಪಂಕಜವಲ್ಲ. ನಮ್ಮ ತರ್ಕಶಾಸ್ತ್ರದವರು ಇಂತಹ ಪದಕ್ಕೆ ಯೋಗರೂಢ ಎಂಬ ಹೆಸರನ್ನಿಟ್ಟಿದ್ದಾರೆ. ಪದದ ಬಿಡಿಭಾಗಗಳಿಂದ ಹೊರಡುವ ಅರ್ಥವೂ ಇರಬೇಕು, ಜನರ ರೂಢಿ ಅದನ್ನು ಒಂದೇ ವಸ್ತುವಿಗೆ ಕಟ್ಟಿಯೂ ಹಾಕಿರಬೇಕು. ಹಾಗಿದ್ದರೆ ಅದು ಯೋಗರೂಢ. ಈ ಪಾಠಕ್ಕೆ ತಲೆಮಾರುಗಳಿಂದ ಕೊಡುತ್ತ ಬಂದಿರುವ ಉದಾಹರಣೆ ಪಂಕಜವೇ. ನಿಮ್ಮ ಪಂಕಜಮ್ಮನ ಹೆಸರು ಶಾಸ್ತ್ರಗ್ರಂಥದ ಉದಾಹರಣೆಯೆಂಬುದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶದಲ್ಲಿ ತಾವರೆಗೆ ಹದಿನಾರು ಹೆಸರುಗಳಿವೆ. ಪದ್ಮ, ನಳಿನ, ಅರವಿಂದ, ಕಮಲ, ರಾಜೀವ ಎಲ್ಲವೂ ಅಲ್ಲಿವೆ. ಪಂಕಜ ಮಾತ್ರ ಆ ಸಾಲುಗಳಲ್ಲಿಲ್ಲ, ಅದರ ಅಕ್ಕನಂತಿರುವ ಪಂಕೇರುಹವಿದೆ. ಆದರೆ ಬೀದಿಯಲ್ಲಿ ಆಡುತ್ತಿರುವ ಮಗುವನ್ನು ‘ಪಂಕೇರುಹಾ, ಊಟಕ್ಕೆ ಬಾ’ ಎಂದು ಕೂಗಲಾದೀತೆ? ಮೂರಕ್ಷರದ ಪಂಕಜ ಗೆದ್ದದ್ದು ಸಹಜವೇ.

ಈಗ ಒಂದು ಪ್ರಸಂಗವನ್ನು ಹೇಳುತ್ತೇನೆ. ನಾನು ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು, ಒಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚಿ ಕುಳಿತಿದ್ದಾಗ, ಛಾಪಾ ಕಾಗದವೊಂದನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಅವಳ ಹೆಸರು ಪಂಕಜ. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಹೆಸರು ಬದಲಾಯಿಸಿಕೊಳ್ಳುವ ಪ್ರಮಾಣಪತ್ರ ಮಾಡಿಸಬೇಕಾಗಿದೆ, ಒಳ್ಳೆಯದೊಂದು ಹೆಸರನ್ನು ಹೇಳಿ ಮೇಡಂ ಎಂದಳು. ಕಾರಣ ಕೇಳಿದಾಗ ಮೊದಲು ಸುಮ್ಮನಿದ್ದಳು. ಆಮೇಲೆ, ತಾನು ತರಗತಿಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನ ಹುಡುಗರು ಚಾವಣಿಯನ್ನು ನೋಡಿ ‘ಪಂಕ ಹಾಕ್ರೋ, ಸೆಕೆ’ ಎನ್ನುತ್ತಾರೆಂದೂ, ಅದನ್ನಾದರೂ ತಡೆದುಕೊಂಡಿದ್ದೆನೆಂದೂ, ಈಚೆಗೆ ಕಪ್ಪುಹಲಗೆಯ ಮೇಲೆ ‘ಕೆಸರು’ ಎಂದು ದೊಡ್ಡದಾಗಿ ಬರೆದು ಇಡುತ್ತಿದ್ದಾರೆಂದೂ ಹೇಳಿದಳು.

ಆ ಹುಡುಗರಿಗೆ ಕೆಸರಿನ ಅರ್ಥ ಎಲ್ಲಿಂದ ತಿಳಿಯಿತು? ಹಿಂದಿನ ವಾರ ಯೋಗರೂಢದ ಪಾಠ ಮಾಡಿದವಳು ನಾನೇ. ಪಂಕವೆಂದರೆ ಕೆಸರು ಎಂದು ಎರಡೆರಡು ಸಲ ಹೇಳಿ ಬರೆಸಿದವಳೂ ನಾನೇ. ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ಮುಂದಿನ ಭಾನುವಾರ ಅವಳನ್ನೂ ಅವಳ ತಾಯಿಯನ್ನೂ ಬಸ್ಸು ಹತ್ತಿಸಿಕೊಂಡು ನಮ್ಮ ಊರಿನ ಕೆರೆಗೆ ಹೋದೆ. ಅಲ್ಲಿ ದೇವಸ್ಥಾನಗಳಿಗೆ ತಾವರೆ ಒದಗಿಸುವ ಹಿರಿಯರೊಬ್ಬರಿದ್ದರು. ಲಾರಿಯ ಟಯರಿನ ಟ್ಯೂಬಿನ ಮೇಲೆ ಕುಳಿತು, ಕೈಯನ್ನೇ ಹುಟ್ಟು ಮಾಡಿಕೊಂಡು ಹೂವಿನ ನಡುವೆ ಹೋಗುತ್ತಿದ್ದರು. ದಡದ ಹತ್ತಿರ ಬಂದು ತೋಳುದ್ದದ ದಂಟೊಂದನ್ನು ಬುಡದಿಂದ ಎಳೆದುಕೊಟ್ಟರು. ದಂಟಿನ ತುಂಬ ಸಣ್ಣ ಮುಳ್ಳುಗಳು, ಬುಡಕ್ಕೆ ಅಂಟಿದ ಕಪ್ಪು ರೊಜ್ಜು, ಅದರ ವಾಸನೆ ಮೂಗು ಮುಚ್ಚಿಕೊಳ್ಳುವಂತಿತ್ತು. ಹುಡುಗಿ ದಂಟನ್ನು ಮುರಿದಾಗ ಎರಡು ತುಂಡುಗಳ ನಡುವೆ ಜೇಡರ ಬಲೆಗಿಂತ ನವುರಾದ ನೂಲುಗಳು ಗೇಣುದ್ದ ಎಳೆದುಕೊಂಡು ಬಂದವು. ಎಲೆಯ ಮೇಲೆ ನೀರು ಚಿಮುಕಿಸಿದರೆ ಅದು ಪಾದರಸದಂತೆ ಉರುಳಿ, ದಾರಿಯಲ್ಲಿದ್ದ ಮಣ್ಣಿನ ಕಣಗಳನ್ನು ಎತ್ತಿಕೊಂಡು ಕೆರೆಗೆ ಬಿತ್ತು. ಎಲೆಯ ಮೇಲಿರುವ ಅತಿ ಸಣ್ಣ ಉಬ್ಬುಗಳು ಮತ್ತು ಮೇಣದ ಲೇಪ ಇದಕ್ಕೆ ಕಾರಣ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಇದನ್ನು ವಿವರವಾಗಿ ಬರೆದರು. ಭಗವದ್ಗೀತೆ ಪಾಪ ಅಂಟದವನನ್ನು ನೀರು ಅಂಟದ ತಾವರೆಯ ಎಲೆಗೆ ಎಂದೋ ಹೋಲಿಸಿದೆ.

ಆ ಹಿರಿಯರು ಹುಡುಗಿಯ ಹೆಸರನ್ನು ಕೇಳಿದರು. ಅವಳು ತಾಯಿಯ ಮುಖ ನೋಡಿ, ಮೆಲ್ಲಗೆ ಹೇಳಿದಳು. ‘ನಮ್ಮವ್ವನ ಹೆಸ್ರೂ ಅದೇ ಕಣವ್ವ’ ಎಂದು ನಕ್ಕು, ಇನ್ನೂ ಎರಡು ಹೂವುಗಳನ್ನು ಕಾಸು ತೆಗೆದುಕೊಳ್ಳದೆ ಕೊಟ್ಟರು. ನಾನು ಗೆದ್ದೆನೆಂದುಕೊಂಡೆ. ಹದಿನೈದು ದಿನ ಕಳೆದ ಮೇಲೆ ಅವಳು ಪ್ರಮಾಣಪತ್ರವನ್ನು ತಂದು ತೋರಿಸಿದಳು. ಹೊಸ ಹೆಸರು ನೀರಜಾ!

ನೀರಿನಲ್ಲಿ ಹುಟ್ಟಿದ್ದು ನೀರಜ. ಅದೂ ತಾವರೆಯೇ, ಕೆಸರನ್ನು ತೊಳೆದು ತಟ್ಟೆಯಲ್ಲಿಟ್ಟ ತಾವರೆ. ‘ಹೂವು ಅದೇ ಅಲ್ವಾ ಮೇಡಂ’ ಎಂದು ಅವಳು ನನ್ನನ್ನೇ ಸಮಾಧಾನಪಡಿಸಿದಳು. ಹೂವು ಅದೇ, ನಿಜ. ಆದರೆ ಬರಿಯ ನೀರಿನಲ್ಲಿ ತಾವರೆ ಬೆಳೆಯುವುದಿಲ್ಲ, ಅದರ ಗೆಡ್ಡೆ ಇರುವುದು ಕೆಸರಿನಲ್ಲಿ ಎಂಬುದನ್ನು ಕೆರೆಯ ದಡದಲ್ಲಿ ಕಣ್ಣಾರೆ ಕಂಡವಳೇ ಹೀಗೆ ಮಾಡಿದಳಲ್ಲ ಎಂಬ ಸಣ್ಣ ಮುನಿಸು ನನ್ನಲ್ಲಿ ಇಂದಿಗೂ ಉಳಿದಿದೆ.

ಈ ಕಥೆಯೇ ನನ್ನ ಸಮಯದ ಬಹುಪಾಲನ್ನು ತಿಂದಿದೆ; ಉಳಿದದ್ದನ್ನು ಚುಟುಕಾಗಿ ಮುಗಿಸಬೇಕು. ತಾವರೆಯ ಹೆಸರುಗಳಿಗೆ ಕಳೆದ ಶತಮಾನದಲ್ಲಿ ಒಂದು ದೊಡ್ಡ ಸುಗ್ಗಿಯಿತ್ತು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, ಧಾರವಾಡದಲ್ಲಿ 1927ರಲ್ಲಿ ಹುಟ್ಟಿದ ಸರೋಜಿನಿ ಮಹಿಷಿ, ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಬಿ. ಸರೋಜಾದೇವಿ, ಎಲ್ಲರೂ ಇದೇ ಕೊಳದ ಹೂಗಳು. ಲಕ್ಷ್ಮಿ ಎಂಬ ಹೆಸರು ಮನೆಯ ಹಿರಿಯರಿಗಿದ್ದರೆ, ಸೊಸೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಾಗಾಗಿ ಲಕ್ಷ್ಮಿ ಕೂರುವ ಹೂವಿನ ಹೆಸರು ಮೊಮ್ಮಗಳಿಗೆ ಬರುತ್ತಿತ್ತು. ಇಂದಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಪಂಕಜವನ್ನು ಹುಡುಕಬೇಕು. ಸರೋವರದಲ್ಲಿ ಹುಟ್ಟಿದ ಸರೋಜಳೂ ನೀರಿನಲ್ಲಿ ಹುಟ್ಟಿದ ಅಂಬುಜ, ಜಲಜ, ವಾರಿಜರೂ ಅವಳ ಜೊತೆಯಲ್ಲೇ ಹಿಂದೆ ಸರಿದಿದ್ದಾರೆ.

ವನಜ ಎಂಬ ಹೆಸರಿನವರು ಕೇಳುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಹೆಸರಿಗೆ ಕಾಡಿನಲ್ಲಿ ಹುಟ್ಟಿದವಳು ಎಂಬುದೊಂದೇ ಅರ್ಥವೆಂದು ಯಾರಾದರೂ ಹೇಳಿದರೆ ನಂಬಬೇಡಿ. ವನ ಎಂದರೆ ನೀರೆಂದೂ ಅರ್ಥವಿದೆ, ಅಮರಕೋಶವೇ ಹಾಗೆ ಹೇಳುತ್ತದೆ. ವನಜವೂ ತಾವರೆ, ವನಜಾಕ್ಷಿ ಎಂದರೆ ತಾವರೆಗಣ್ಣಿನವಳು.

ಉತ್ತರ ಭಾರತದಲ್ಲಿ ಪಂಕಜ್ ಎಂಬುದು ಗಂಡಸರ ಹೆಸರು. ಗಾಯಕ ಪಂಕಜ್ ಮಲ್ಲಿಕ್, ನಮ್ಮ ಬೆಂಗಳೂರಿನಲ್ಲೇ ಬೆಳೆದ ಬಿಲಿಯರ್ಡ್ಸ್ ಆಟಗಾರ ಪಂಕಜ್ ಅಡ್ವಾಣಿ ನಿಮಗೆ ಗೊತ್ತೇ ಇದ್ದಾರೆ. ಸಂಸ್ಕೃತದಲ್ಲಿ ಹೂವಾಗಿ ಈ ಪದ ನಪುಂಸಕಲಿಂಗ, ಆದ್ದರಿಂದ ಜಗಳಕ್ಕೆ ಆಸ್ಪದವಿಲ್ಲ. ಹುಡುಗಿಗೆ ಇಡುವಾಗ ಸಂಸ್ಕೃತದ ಪ್ರಕಾರ ಕೊನೆಗೆ ದೀರ್ಘ ಬರಬೇಕು, ಕನ್ನಡದ ನಾಲಿಗೆ ಅದನ್ನು ಹ್ರಸ್ವ ಮಾಡಿಕೊಂಡಿದೆ. ಎರಡೂ ಸರಿಯೇ. ಆದರೆ ಆಧಾರ್ ಚೀಟಿಯಲ್ಲಿ ಪಂಕಜ, ಪಿಂಚಣಿ ಪುಸ್ತಕದಲ್ಲಿ ಪಂಕಜಾ, ಪಡಿತರ ಚೀಟಿಯಲ್ಲಿ ಪಂಕಜಮ್ಮ ಎಂದಿದ್ದರೆ ಕಚೇರಿಯವರು ಮೂವರು ಹೆಂಗಸರೆಂದು ವಾದಿಸುತ್ತಾರೆ. ಯಾವುದಾದರೂ ಒಂದಕ್ಕೆ ಬೇಗ ತಿದ್ದಿಸಿಕೊಳ್ಳಿ. ನಮಸ್ಕಾರ.