ಬೂಟು ಕಳಚಿ ನೀರಿಗಿಳಿದ ಆಟಗಾರ

ಆ ಫೋಟೋ ನೀವೂ ನೋಡಿರಬಹುದು. ಗಾಲ್ಫ್ ಆಟಗಾರರೊಬ್ಬರು ಬೂಟು, ಸಾಕ್ಸ್ ಕಳಚಿ, ಪ್ಯಾಂಟ್ ಮೇಲಕ್ಕೆ ಮಡಚಿಕೊಂಡು ಹಳ್ಳದ ನೀರಲ್ಲಿ ನಿಂತಿದ್ದಾರೆ. ಗಾಲ್ಫ್ ಜೋಕುಗಳ ಮಾತು ಬಂದಾಗಲೆಲ್ಲ ಈ ಫೋಟೋ ಹೊರಗೆ ಬರುತ್ತದೆ. ನಾನೂ ನಕ್ಕಿದ್ದೇನೆ. ಆದರೆ ಅವರನ್ನು ದಡ್ಡ ಅಂತ ಕರೆಯುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅವರು ಫ್ರಾನ್ಸ್‌ನ ಝಾನ್ ವಾನ್ ಡಿ ವೆಲ್ಡ್. 1999ರ ಜುಲೈ, ಸ್ಕಾಟ್ಲೆಂಡ್‌ನ ಕಾರ್ನೂಸ್ಟಿ, ಓಪನ್ ಚಾಂಪಿಯನ್‌ಶಿಪ್ ಅನ್ನುವ ದೊಡ್ಡ ಗಾಲ್ಫ್ ಟೂರ್ನಿ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವುದು; ಕೊನೆಯ ಹೋಲ್‌ಗೆ ಬಂದಾಗ ಇವರು ಮೂರು ಹೊಡೆತಗಳಷ್ಟು ಮುಂದಿದ್ದರು. ಅದು ಪಾರ್ 4, ಅಂದರೆ ನಾಲ್ಕು ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಹಾಕಬೇಕಾದ ಹೋಲ್. ಆರಕ್ಕೆ ಮುಗಿಸಿದ್ದರೂ ಸಾಕಿತ್ತು, 1907ರ ನಂತರ ಓಪನ್ ಗೆದ್ದ ಮೊದಲ ಫ್ರೆಂಚ್ ಆಟಗಾರ ಆಗುತ್ತಿದ್ದರು.

ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಕೈಗೆತ್ತಿಕೊಂಡರು. ಚೆಂಡು ಬಲಕ್ಕೆ ಹೋಯಿತು, ಪುಣ್ಯಕ್ಕೆ ನೀರಿಗೆ ಬೀಳಲಿಲ್ಲ. ಎರಡನೇ ಹೊಡೆತ ಪ್ರೇಕ್ಷಕರ ಸ್ಟ್ಯಾಂಡಿನ ಕಂಬಿಗೆ ಬಡಿದು, ಹಿಂದಕ್ಕೆ ಹಾರಿ, ಹಳ್ಳದ ಕಲ್ಲುಗೋಡೆಗೆ ಬಡಿದು, ಇನ್ನೂ ಹಿಂದಕ್ಕೆ ಚಿಮ್ಮಿ ದಟ್ಟ ಹುಲ್ಲಿನೊಳಗೆ ಸೇರಿಕೊಂಡಿತು. ಸ್ಟ್ಯಾಂಡಿನ ಒಳಗೇ ಉಳಿದಿದ್ದರೆ ದಂಡವಿಲ್ಲದೆ ಡ್ರಾಪ್, ಅಂದರೆ ಚೆಂಡನ್ನು ಬೇರೆ ಕಡೆ ಬಿಟ್ಟು ಆಡುವ ಅವಕಾಶ, ಸಿಗುತ್ತಿತ್ತು. ಒಂದು ಕಂಬಿ, ಅಷ್ಟೇ. ಮೂರನೆಯದು ಸೀದಾ ಬ್ಯಾರಿ ಬರ್ನ್ ಹಳ್ಳಕ್ಕೆ. ಆಗ ಬೂಟು ಕಳಚಿದ್ದು. ನೀರಿಗಿಳಿದು ನಿಂತು ನೋಡಿದರು, ಆಗಲ್ಲ ಅನ್ನಿಸಿತು, ಒಂದು ಹೊಡೆತದ ದಂಡ ತೆತ್ತು ಡ್ರಾಪ್ ತೆಗೆದುಕೊಂಡರು. ಐದನೆಯದು ಬಂಕರ್‌ಗೆ, ಅಂದರೆ ಮರಳು ಗುಂಡಿಗೆ. ಆರಕ್ಕೆ ಗ್ರೀನ್, ಗುಳಿಯ ಸುತ್ತಲಿನ ನುಣುಪು ಹುಲ್ಲು.

ಇಲ್ಲಿ ಸ್ವಲ್ಪ ನಿಲ್ಲಿ. ನಗುವವರು ಇದನ್ನು ಹೇಳುವುದೇ ಇಲ್ಲ. ಇಷ್ಟೆಲ್ಲ ಆದ ಮೇಲೆ, ಇಡೀ ಜಗತ್ತು ನೋಡುತ್ತಿರುವಾಗ, ಇನ್ನೂ ಏಳೆಂಟು ಅಡಿಯ ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ, ಬಾಕಿ ಇತ್ತು. ಎಂಟು ಅಡಿಯಿಂದ ದೊಡ್ಡ ದೊಡ್ಡ ವೃತ್ತಿಪರರೇ ಹೆಚ್ಚು ಕಡಿಮೆ ಅರ್ಧದಷ್ಟು ಸಲ ತಪ್ಪುತ್ತಾರೆ. ಇವರು ಹಾಕಿದರು! ಏಳಕ್ಕೆ ಮುಗಿಸಿ ಪ್ಲೇಆಫ್‌ನಲ್ಲಿ, ಅಂದರೆ ಸಮ ಆದವರ ನಡುವಿನ ಹೆಚ್ಚುವರಿ ಆಟದಲ್ಲಿ, ಉಳಿದರು. ಅಲ್ಲಿ ಗೆದ್ದವರು ಸ್ಕಾಟ್ಲೆಂಡ್‌ನ ಆಟಗಾರ ಪಾಲ್ ಲಾರಿ. ಆ ದಿನದ ಆಟ ಶುರುವಾದಾಗ ಲಾರಿ ಹತ್ತು ಹೊಡೆತ ಹಿಂದಿದ್ದರು.

ಈ ಆಟ ಎಷ್ಟು ಕಷ್ಟ ಅಂತ ಆಡದವರಿಗೆ ಸುಮ್ನೆ ಹೇಳಿದರೆ ತಿಳಿಯಲ್ಲ. ಕ್ರಿಕೆಟ್‌ನಲ್ಲಿ ಔಟಾದರೆ ಬೌಲರ್ ಚೆನ್ನಾಗಿ ಹಾಕಿದ ಅನ್ನಬಹುದು. ಇಲ್ಲಿ ಚೆಂಡು ಅಲ್ಲಾಡದೆ ನಿಮಗಾಗಿಯೇ ಕಾಯುತ್ತಿರುತ್ತದೆ, ಯಾರೂ ಅಡ್ಡ ಬರಲ್ಲ. ಆದರೂ ಕ್ಲಬ್ಬಿನ ಮುಖ ಒಂದೆರಡು ಡಿಗ್ರಿ ಆಚೀಚೆ ಆದರೆ ಸಾಕು, ಚೆಂಡು ಹೋಗಿ ಮರದ ಬುಡದಲ್ಲಿ ಕೂತಿರುತ್ತದೆ. ಗಾಲ್ಫ್‌ನ ನಗು ಹುಟ್ಟುವುದೇ ಅಲ್ಲಿ, ಅಲ್ವಾ? ಒಮ್ಮೆ ಕ್ಲಬ್ ಹಿಡಿದವರು ಆ ಫೋಟೋ ನೋಡಿ ನಕ್ಕರೆ ಅದರಲ್ಲಿ ಪ್ರೀತಿ ಇರುತ್ತದೆ. ದಡ್ಡ ಅನ್ನುವ ನಗುವೇ ಬೇರೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ವಾನ್ ಡಿ ವೆಲ್ಡ್ ಒಂದು ಜಾಹೀರಾತಿಗಾಗಿ ಅದೇ ಹೋಲ್‌ಗೆ ಮತ್ತೆ ಬಂದರು. ಆ ಸಲ ಕೈಯಲ್ಲಿ ಬರೀ ಒಂದು ಪಟರ್, ಪಟ್ ಮಾಡುವ ಕ್ಲಬ್. ಹೊಡೆದೂ ಹೊಡೆದೂ ಮೂರನೇ ಪ್ರಯತ್ನದಲ್ಲಿ ಆರಕ್ಕೆ ಮುಗಿಸಿಬಿಟ್ಟರು.